ವಿದ್ಯುದಾಘಾತದಿಂದ ನಿಂತ ಹೃದಯ: ಒಂದು ಚಿಕಿತ್ಸೆಯ ಇತಿಹಾಸ

ಜಮಖಂಡಿ, ಮುಧೋಳ, ಬೀಳಗಿ ಎಂದರೆ ಕಬ್ಬಿನ ಸೀಮೆ; ರಬಕವಿ-ಬನಹಟ್ಟಿ ಎಂದರೆ ನೇಕಾರರ ಊರು. ಕೃಷ್ಣಾ, ಘಟಪ್ರಭಾ ನದಿಗಳ ನೀರನ್ನು ಹೊಲಕ್ಕೆತ್ತುವ ಪಂಪ್‌ಸೆಟ್ಟಿಗೂ ಸೀರೆ ನೇಯುವ ಪವರ್‌ಲೂಮಿಗೂ ವಿದ್ಯುತ್ತೇ ಆಧಾರ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದಂದಿನಿಂದ ನಮ್ಮ ನಾಡಿನ ಬದುಕು ಬೆಳಗಿದೆ, ನಿಜ. ಆದರೆ ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿದ ರೈತನನ್ನೂ ತುಂಡಾದ ತಂತಿ ತುಳಿದ ಕೂಲಿಯಾಳನ್ನೂ ಅದೇ ವಿದ್ಯುತ್ತು ಬಲಿ ತೆಗೆದುಕೊಳ್ಳಬಲ್ಲದು.

'ಕರೆಂಟ್ ಹೊಡೆದು' ಸಾವು ಬರುವುದು ಹೇಗೆ? 1899ರಲ್ಲಿ ಜಿನೀವಾದ ಪ್ರೆವೋ ಮತ್ತು ಬಟೆಲ್ಲಿ ಎಂಬ ವಿಜ್ಞಾನಿಗಳು ನಾಯಿಗಳ ಮೇಲೆ ಪ್ರಯೋಗ ನಡೆಸಿ, ವಿದ್ಯುತ್ತಿನಿಂದ ಹೃದಯದ ಬಡಿತ ತಾಳ ತಪ್ಪಿ ಬರೀ ಅದುರಾಟವಾಗುವುದನ್ನು ಕಂಡರು. ಅದುರುವ ಹೃದಯ ರಕ್ತವನ್ನು ನೂಕಲಾರದು. ಇನ್ನೂ ಬಲವಾದ ಆಘಾತ ಕೊಟ್ಟರೆ ಆ ಅದುರಾಟ ನಿಲ್ಲಬಹುದೆಂಬುದನ್ನೂ ಅವರೇ ಕಂಡರು. ಕೊಲ್ಲುವ ವಿದ್ಯುತ್ತೇ ಕಾಯಲೂಬಲ್ಲದು!

ಅಮೆರಿಕದಲ್ಲಿ ಕಂಬವೇರಿದ ಲೈನ್‌ಮನ್‌ಗಳು ಸಾಯುತ್ತಿದ್ದುದು ವಿದ್ಯುತ್ ಕಂಪನಿಗಳಿಗೆ ಚಿಂತೆಯಾಗಿತ್ತು. ಅವುಗಳ ನೆರವಿನಿಂದ 1920ರ ದಶಕದ ಕೊನೆಯಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ತೊಡಗಿದವರಲ್ಲಿ ವಿಲಿಯಂ ಕೌವೆನ್‌ಹೋವನ್ ಪ್ರಮುಖರು. ಅವರು ವೈದ್ಯರಲ್ಲ, ವಿದ್ಯುತ್ ಎಂಜಿನಿಯರ್ ಎಂಬುದು ಗಮನಾರ್ಹ. 1958ರಲ್ಲಿ ಅವರ ಶಿಷ್ಯ ನಿಕ್ಕರ್‌ಬಾಕರ್ ಒಂದು ಸಂಗತಿ ಗಮನಿಸಿದರು: ಆಘಾತ ಕೊಡುವ ಭಾರದ ಫಲಕಗಳನ್ನು ನಾಯಿಯ ಎದೆಗೆ ಒತ್ತಿದೊಡನೆ, ವಿದ್ಯುತ್ ಹರಿಸುವ ಮೊದಲೇ, ರಕ್ತದೊತ್ತಡ ಏರಿತು! ಎದೆ ಸೀಳದೆ ಕೈಯಿಂದ ಒತ್ತಿಯೇ ರಕ್ತ ಹರಿಸಬಹುದೆಂದು ಇದರಿಂದ ತಿಳಿಯಿತು. 1960ರಲ್ಲಿ ಶಸ್ತ್ರವೈದ್ಯ ಜೂಡ್ ಅವರೊಂದಿಗೆ ಇಬ್ಬರೂ ಪ್ರಕಟಿಸಿದ ವರದಿಯಲ್ಲಿ 20 ರೋಗಿಗಳ ಪೈಕಿ 14 ಮಂದಿ ಬದುಕುಳಿದಿದ್ದರು.

ಈ ವಿದ್ಯೆ ನಮ್ಮ ಹೊಲಕ್ಕೂ ಮಗ್ಗದ ಮನೆಗೂ ಬರಬೇಕು. ಮೊದಲು ಮೇನ್ ಸ್ವಿಚ್ ಆರಿಸಿ. ಅಲ್ಲಿಯವರೆಗೆ ಬಿದ್ದವರನ್ನು ಮುಟ್ಟಬೇಡಿ. ಕಂಬದ ತಂತಿ ಹರಿದು ಬಿದ್ದಿದ್ದರೆ ದೂರವೇ ನಿಂತು ವಿದ್ಯುತ್ ಕಚೇರಿಗೆ ತಿಳಿಸಿ, ಲೈನ್ ಬಂದ್ ಮಾಡಿಸಿ. ಬಿದ್ದವರಿಗೆ ಎಚ್ಚರವಿಲ್ಲದೆ ಉಸಿರೂ ಸರಿಯಾಗಿ ಆಡದಿದ್ದರೆ ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಅವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈ ಮೇಲೆ ಅಂಗೈಯಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, ದೊಡ್ಡವರಾದರೆ 5-6 ಸೆಂಟಿಮೀಟರ್ ಆಳಕ್ಕೆ ಒತ್ತಲಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಲಿ. ದಣಿದರೆ ಮತ್ತೊಬ್ಬರು ಮುಂದುವರಿಸಲಿ. ಡಿಫಿಬ್ರಿಲೇಟರ್ ಯಂತ್ರ ಸಿಕ್ಕೊಡನೆ ಬಳಸಬೇಕು. ಮಣ್ಣಿನಲ್ಲಿ ಹೂಳುವುದು, ನೀರು ಕುಡಿಸುವುದು ಸಲ್ಲದು.

ಹೃದಯ ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳು ಕೆಡತೊಡಗುತ್ತದೆ. ಆಸ್ಪತ್ರೆ ಎಷ್ಟೇ ದೊಡ್ಡದಿರಲಿ, ಅಷ್ಟರೊಳಗೆ ಬಾವಿಯ ದಂಡೆಗೆ ಬರಲಾರದು. ಅಲ್ಲಿರುವುದು ಪಕ್ಕದ ಹೊಲದವರ ಎರಡು ಕೈ ಮಾತ್ರ. ಎಷ್ಟೋ ಲೈನ್‌ಮನ್‌ಗಳ ಸಾವಿನಿಂದ ಜಗತ್ತು ಕಲಿತ ಈ ಪಾಠವನ್ನು ಆ ಕೈಗಳು ಕಲಿತಿರಬೇಕು.