ಒಳಲೆ ಮತ್ತು ಪುಡಿಹಾಲಿನ ಡಬ್ಬ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಅತ್ತಳು. ಮಗುವಿಗೆ ಇಪ್ಪತ್ತು ದಿನ. ತೂಕ ಏರುತ್ತಿಲ್ಲ, ಎದೆಹಾಲಿನ ಜೊತೆಗೆ ಸದ್ಯಕ್ಕೆ ಸ್ವಲ್ಪ ಪುಡಿಹಾಲನ್ನೂ ಕೊಡಬೇಕೆಂದು ವೈದ್ಯರು ಹೇಳಿದ್ದರಂತೆ. "ತಾಯಿಯಾಗಿ ಸೋತೆ ಅನ್ನಿಸುತ್ತಿದೆ, ಟೀಚರ್" ಎಂದಳು. ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಇತಿಹಾಸ ಕಲಿಸಿದವಳಿಗೆ ಸಮಾಧಾನ ಹೇಳಲೂ ಇತಿಹಾಸವೇ ಬೇಕಲ್ಲವೇ? ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎದೆಹಾಲಿನ ಕೊರತೆ ಇಂದಿನ ಹೆಣ್ಣುಮಕ್ಕಳ ದೌರ್ಬಲ್ಯವೆಂದು ಹಿರಿಯರು ಗೊಣಗುವುದುಂಟು. ಅದು ಸುಳ್ಳು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ, ಎದೆಹಾಲು ಸಾಕಷ್ಟು ಬರುವವರೆಗೆ ಆಡಿನ ಅಥವಾ ಹಸುವಿನ ಹಾಲನ್ನು ಕೊಡಬೇಕೆಂಬ ವಿಧಿ ಇದೆ. ಜರ್ಮನಿಯ ಬವೇರಿಯಾದಲ್ಲಿ ಶಿಶುಗಳ ಗೋರಿಗಳಲ್ಲಿ ಸಿಕ್ಕ, ಕೊಕ್ಕಿನಂಥ ಮೂತಿಯ ಪುಟ್ಟ ಮಣ್ಣಿನ ಪಾತ್ರೆಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅವುಗಳಲ್ಲಿ ಮೆಲುಕು ಹಾಕುವ ಪ್ರಾಣಿಗಳ ಹಾಲಿನ ಅಂಶವನ್ನು ಕಂಡು 2019ರಲ್ಲಿ ಪ್ರಕಟಿಸಿದರು. ಆ ಪಾತ್ರೆಗಳು ಕಂಚಿನ ಯುಗ, ಕಬ್ಬಿಣದ ಯುಗಗಳವು. ಚಿತ್ರ ನೋಡಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಒಳಲೆ.

ಒಳಲೆಯನ್ನು ಕಾಣದ ಕಿರಿಯರಿಗಾಗಿ ಹೇಳುತ್ತೇನೆ: ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪಾತ್ರೆ, ಒಂದು ಬದಿಗೆ ದೋಣಿಯ ಮೂತಿಯಂತೆ ಚಾಚಿದ ತುದಿ. ಉಳ್ಳವರದು ಬೆಳ್ಳಿಯದು, ಉಳಿದವರದು ಹಿತ್ತಾಳೆಯದು. ನೆರೆಯ ತಮಿಳರು ಇದನ್ನೇ ಪಾಲಾಡೈ ಎನ್ನುತ್ತಾರೆ.

ಹಿಂದಿನವರು ಮಾಡಿದ್ದೆಲ್ಲವೂ ಸರಿಯೆಂದು ನಾನು ಹೇಳಲಾರೆ. ಹಸು ಕರು ಹಾಕಿದರೆ ಗಿಣ್ಣುಹಾಲಿಗೆ ಬೆಲ್ಲ, ಏಲಕ್ಕಿ ಬೆರೆಸಿ ಬೇಯಿಸಿ ನೆರೆಮನೆಗೂ ಹಂಚುತ್ತಿದ್ದ ಜನ, ಹೆತ್ತ ತಾಯಿಯ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುತ್ತಿದ್ದರು. ಮಗುವನ್ನು ರೋಗದಿಂದ ಕಾಯುವ ಸತ್ತ್ವವೇ ಅದರಲ್ಲಿತ್ತು!

ಡಬ್ಬದ ಹಾಲಿನ ಕಥೆ ಹತ್ತೊಂಬತ್ತನೆಯ ಶತಮಾನದ್ದು. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1865ರ ಸುಮಾರಿಗೆ ಶಿಶು ಆಹಾರವೊಂದನ್ನು ರೂಪಿಸಿದ. 1867ರಲ್ಲಿ ಹೆನ್ರಿ ನೆಸ್ಲೆ ಹಾಲು, ಹಿಟ್ಟು, ಸಕ್ಕರೆ ಸೇರಿದ ಪುಡಿಯನ್ನು ಮಾರಾಟಕ್ಕೆ ತಂದ. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಉದ್ದನೆಯ ರಬ್ಬರ್ ಕೊಳವೆಯ ಬಾಟಲಿಗಳು ಬಳಕೆಯಲ್ಲಿದ್ದವು. ಕೊಳವೆಯೊಳಗೆ ಕೈ ಹೋಗದು, ತೊಳೆಯಲಾಗದು. ಎಷ್ಟೋ ಶಿಶುಗಳು ಸತ್ತ ಮೇಲೆ ಜನ ಅವನ್ನು ಕೊಲೆಗಾರ ಬಾಟಲಿಗಳೆಂದೇ ಕರೆದರು.

ಈ ಕಥೆಯಲ್ಲಿ ನಮ್ಮ ಮೈಸೂರಿಗೂ ಪಾಲಿದೆ. ಎಮ್ಮೆಯ ಹಾಲಿನಿಂದ ಪುಡಿ ಮಾಡಲಾಗದೆಂಬ ವಿದೇಶಿ ತಜ್ಞರ ಮಾತನ್ನು ಆನಂದದಲ್ಲಿ ದಲಾಯಾ ಅವರು ಸುಳ್ಳಾಗಿಸಿದರು. 1955ರಲ್ಲಿ ಅಲ್ಲಿ ಕಾರ್ಖಾನೆಯೇ ತೆರೆಯಿತು. ಆದರೆ ಎಮ್ಮೆಯ ಹಾಲು ಎಳೆಯ ಹೊಟ್ಟೆಗೆ ಭಾರ; ಕೊಬ್ಬು ಹೆಚ್ಚು, ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆಯುತ್ತದೆ. ಅದನ್ನು ಶಿಶುವಿಗೆ ಒಗ್ಗುವಂತೆ ಮಾರ್ಪಡಿಸುವ ವಿಧಾನವನ್ನು ರೂಪಿಸಿದ್ದು, ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ. ಸಂಸ್ಥೆ. ಹಾಗೆ ಬಂದದ್ದು ಅಮುಲ್ ಶಿಶು ಆಹಾರ.

ಆ ಡಬ್ಬ ನಮ್ಮ ಮನೆಗೂ ಬಂದಿತ್ತು. 1973ರಲ್ಲಿ ಹಿರಿಯ ಮಗ ಹುಟ್ಟಿದಾಗ, ಅವನಿಗೆ ಎರಡು ತಿಂಗಳು ತುಂಬುವ ಮೊದಲೇ ನಾನು ಕೆಲಸಕ್ಕೆ ಮರಳಬೇಕಾಯಿತು. ಮೂರನೆಯ ಪೀರಿಯಡ್ಡಿಗೆ ರವಿಕೆ ಒದ್ದೆಯಾಗುತ್ತಿತ್ತು. ಸೆರಗು ಹೊದ್ದು ಕಪ್ಪುಹಲಗೆಯ ಕಡೆಗೆ ತಿರುಗಿಯೇ ಪಾಠ ಮಾಡುತ್ತಿದ್ದೆ. ಆ ವರ್ಷದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಂದು ನಾನೇಕೆ ಅಷ್ಟೊಂದು ಟಿಪ್ಪಣಿ ಬರೆಸುತ್ತಿದ್ದೆನೆಂದು ಈಗ ತಿಳಿಯಲಿ. ಮನೆಯಲ್ಲಿ ನಮ್ಮ ಅತ್ತೆಯವರು ಕುದಿಸಿದ ನೀರಿನಲ್ಲಿ ಪುಡಿ ಕದಡಿ, ಆರಿಸಿ, ಒಳಲೆಯಲ್ಲಿ ಗುಟುಕು ಗುಟುಕಾಗಿ ಕುಡಿಸುತ್ತಿದ್ದರು. ನಾನು ಮನೆಯಲ್ಲಿರುವಾಗ ಮಾತ್ರ ಅವರ ಕಟ್ಟಪ್ಪಣೆ ಒಂದೇ: "ಮೊದಲು ಎದೆ, ಆಮೇಲೆ ಒಳಲೆ." ಮಗು ಹೀರಿದಷ್ಟೂ ಹಾಲು ಊರುತ್ತದೆ, ಹೀರದಿದ್ದರೆ ಬತ್ತುತ್ತದೆ ಎಂಬ ಶರೀರಶಾಸ್ತ್ರ, ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಗೊತ್ತಿತ್ತು. ನಾನು ಗುಟ್ಟಾಗಿ ಅತ್ತದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ.

ನಮಗೆ ಶುದ್ಧವಾದ ಬಾವಿನೀರು, ಸೌದೆ, ಬಿಡುವಿದ್ದ ಅತ್ತೆ ಇದ್ದರು. ಇವಿಲ್ಲದ ಮನೆಗಳಲ್ಲಿ ಅದೇ ಡಬ್ಬ ಮೃತ್ಯುವಾಯಿತು. ದುಬಾರಿ ಪುಡಿಯನ್ನು ಹೆಚ್ಚು ದಿನ ಬರಲೆಂದು ತೆಳ್ಳಗೆ ಕದಡುವುದು, ಕೊಳೆ ನೀರು, ತೊಳೆಯದ ಬಾಟಲಿ. ವೈದ್ಯೆ ಸಿಸಿಲಿ ವಿಲಿಯಮ್ಸ್ 1939ರಲ್ಲೇ ಸಿಂಗಪುರದ ಭಾಷಣವೊಂದರಲ್ಲಿ ಇಂಥ ಸಾವುಗಳನ್ನು ಕೊಲೆಯೆಂದು ಕರೆದಿದ್ದರು. ಜಗತ್ತು ಕಿವಿಗೊಟ್ಟದ್ದು ಬಹಳ ತಡವಾಗಿ. 1981ರಲ್ಲಿ ವಿಶ್ವ ಆರೋಗ್ಯ ಸಭೆ ಎದೆಹಾಲಿಗೆ ಬದಲಿಯಾದ ಆಹಾರಗಳ ಮಾರಾಟಕ್ಕೆ ಸಂಹಿತೆಯೊಂದನ್ನು ಅಂಗೀಕರಿಸಿದಾಗ 118 ರಾಷ್ಟ್ರಗಳು ಪರವಾಗಿದ್ದವು. ವಿರುದ್ಧ ಮತ ಹಾಕಿದ್ದು ಅಮೆರಿಕ ಒಂದೇ. ನಮ್ಮ ಸಂಸತ್ತು 1992ರಲ್ಲಿ ಕಾಯ್ದೆ ಮಾಡಿತು. ಶಿಶುಹಾಲಿನ ಪುಡಿಗೂ ಬಾಟಲಿಗೂ ಜಾಹೀರಾತು ಕೂಡದು, ಡಬ್ಬದ ಮೇಲೆ ಮಗುವಿನ ಚಿತ್ರವೂ ಕೂಡದು.

ಕಾಯ್ದೆ ಕಡಿವಾಣ ಹಾಕಿದ್ದು ವ್ಯಾಪಾರಿಗೆ, ತಾಯಿಗಲ್ಲ. ಆರು ತಿಂಗಳು ಎದೆಹಾಲೊಂದೇ ಶ್ರೇಷ್ಠವೆಂಬುದು ನಿಜ. ಆದರೆ ಅದಕ್ಕೆ ರಜೆಯೂ ಬೇಕಲ್ಲ! 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೊಟ್ಟದ್ದು 12 ವಾರ. ಅದು 26 ಆಗಲು 2017 ಬರಬೇಕಾಯಿತು.

ಒಳಲೆ ಈಗ ಆಸ್ಪತ್ರೆಗಳಲ್ಲಿ ಕಡಿಮೆ ತೂಕದ ಶಿಶುಗಳಿಗೆ ಹಾಲೂಡಿಸಲು ಬಳಕೆಯಲ್ಲಿದೆ. ಬಾಟಲಿಯಂತೆ ಅದಕ್ಕೆ ತೊಟ್ಟಿಲ್ಲ. ಬಾಯಗಲವಾದ್ದರಿಂದ ತೊಳೆಯುವುದೂ ಸುಲಭ. ನಮ್ಮ ಮನೆಯದನ್ನು ಹುಣಸೆಹಣ್ಣಿನಿಂದ ಉಜ್ಜಿ, ಕುದಿಯುವ ನೀರಿನಲ್ಲಿ ಹಾಕಿ ತೆಗೆದು, ಮೊನ್ನೆ ಆ ಹುಡುಗಿಗೆ ಕಳುಹಿಸಿಕೊಟ್ಟೆ. ಒಳಗೆ ಒಂದು ಚೀಟಿ ಇಟ್ಟಿದ್ದೇನೆ, ಅತ್ತೆಯವರ ನಾಲ್ಕು ಪದಗಳನ್ನು ಬರೆದು. ನಿನ್ನೆ ಫೋನ್ ಬಂತು. ಮಗುವಿನ ತೂಕ ನೂರೈವತ್ತು ಗ್ರಾಂ ಏರಿದೆಯಂತೆ.