ಎರವಲು ಎಂಜಿನ್, ಸ್ವಂತ ಕಲಿಕೆ: ಹೊಸೂರಿನ ಟಿವಿಎಸ್-ಸುಜುಕಿ ಕಥೆ

ಚರಿತ್ರೆ ಪಾಠ ಎಂದರೆ ನಾವು ಮೇಷ್ಟ್ರುಗಳು ಸಾಮಾನ್ಯವಾಗಿ ರಾಜರ ಕಥೆ, ಯುದ್ಧದ ಕಥೆ ಹೇಳುತ್ತೇವೆ. ನಮ್ಮ ಹೊಸೂರಿನ ಕಾರ್ಖಾನೆಗಳಿಗೂ ಒಂದು ಚರಿತ್ರೆ ಇದೆ ಎಂಬುದು ಮರೆತೇ ಹೋಗುತ್ತದೆ. ಬಾಗಲೂರು, ಕೆಲಮಂಗಲ, ತಳಿ, ಡೆಂಕಣಿಕೋಟೆ ಕಡೆಯ ಕನ್ನಡ ಶಾಲೆಗಳಲ್ಲಿ ಅಪ್ಪನೋ ಅಣ್ಣನೋ ಕಂಪನಿ ಬಸ್ಸು ಹತ್ತಿ ಕೆಲಸಕ್ಕೆ ಹೋಗುವ ಮನೆಯ ಮಕ್ಕಳು ಬಹಳ ಇದ್ದಾರೆ. ಅವರ ಮನೆಯ ಅನ್ನಕ್ಕೆ ಸಂಬಂಧಪಟ್ಟ ಚರಿತ್ರೆ ಇದು. ಆದ್ದರಿಂದ ಇಂದು ಅದನ್ನೇ ಬರೆಯೋಣ ಎನಿಸಿತು.

ಈಗ ಎಲ್ಲೆಲ್ಲೂ ನವೋದ್ಯಮ, ಸ್ಟಾರ್ಟ್‌ಅಪ್ ಎಂಬ ಮಾತು. ಹೊಸದಾಗಿ ಹುಟ್ಟಿದ ಕಂಪನಿಗೆ ತಂತ್ರಜ್ಞಾನ ಬೇಕು, ಅದು ದೊಡ್ಡ ಕಂಪನಿಯೊಂದರ ಬಳಿ ಇರುತ್ತದೆ. ಅವರ ಜೊತೆ ಸೇರಿದರೆ ಬೇಗ ಬೆಳೆಯಬಹುದು. ಆದರೆ ನಾಳೆ ಅವರು ಕೈ ಬಿಟ್ಟರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ. ನಮ್ಮೂರಿನಲ್ಲೇ ಅದು ನಡೆದಿದೆ.

ಮೊಪೆಡ್‌ನಿಂದ ಮೋಟಾರ್ ಸೈಕಲ್‌ಗೆ

ಟಿ.ವಿ. ಸುಂದರಂ ಅಯ್ಯಂಗಾರ್ ಅವರು 1911ರಲ್ಲಿ ಮಧುರೆಯಲ್ಲಿ ಆರಂಭಿಸಿದ ಸಾರಿಗೆ ಉದ್ಯಮವೇ ಟಿವಿಎಸ್ ಮನೆತನದ ಬೇರು. ಈ ಬಳಗದ ಸುಂದರಂ ಕ್ಲೇಟನ್ ಕಂಪನಿ ವಾಹನಗಳ ಬ್ರೇಕ್ ತಯಾರಿಸುತ್ತಿತ್ತು. ಅದರ ಮೊಪೆಡ್ ವಿಭಾಗ ಹೊಸೂರಿನಲ್ಲಿ ಶುರುವಾಗಿ 1980ರಲ್ಲಿ ಟಿವಿಎಸ್ 50 ಹೊರಬಂತು. ಇಬ್ಬರು ಕೂರಬಹುದಾದ ಈ ಪುಟ್ಟ ಗಾಡಿಯನ್ನು ಹಾಲಿನವರು, ಹೂವಿನವರು, ರೈತರು, ಮೇಷ್ಟ್ರುಗಳು ಎಲ್ಲರೂ ಓಡಿಸಿದರು.

ಮೊಪೆಡ್ ಮಾಡಲು ಬಂತು. ಆದರೆ ಒಳ್ಳೆಯ ಮೋಟಾರ್ ಸೈಕಲ್ ಎಂಜಿನ್ ಮಾಡುವ ವಿದ್ಯೆ ಆಗ ಜಪಾನಿನವರ ಕೈಯಲ್ಲಿತ್ತು. 1982ರಲ್ಲಿ ಸುಜುಕಿ ಜೊತೆ ಒಪ್ಪಂದವಾಯಿತು. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ ಎಎಕ್ಸ್ 100 ರಸ್ತೆಗಿಳಿಯಿತು. ಅದೇ ಸುಮಾರಿನಲ್ಲಿ ಹೀರೋ ಹೋಂಡಾ ಜೊತೆ, ಎಸ್ಕಾರ್ಟ್ಸ್ ಯಮಾಹಾ ಜೊತೆ, ಬಜಾಜ್ ಕವಾಸಾಕಿ ಜೊತೆ ಕೈ ಜೋಡಿಸಿದವು. 1986ರಲ್ಲಿ ಮೊಪೆಡ್ ಮತ್ತು ಮೋಟಾರ್ ಸೈಕಲ್ ಎರಡೂ ಒಂದೇ ಕಂಪನಿಯಾಗಿ ಟಿವಿಎಸ್-ಸುಜುಕಿ ಎಂಬ ಹೆಸರು ಬಂತು.

ಜಪಾನಿನವರಿಗೂ ಆಗ ನಮ್ಮವರು ಬೇಕಾಗಿದ್ದರು ಎಂಬುದನ್ನು ಗಮನಿಸಬೇಕು. 1973ರ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ಹೊರದೇಶದ ಕಂಪನಿಗಳು ಇಲ್ಲಿ ಸಾಮಾನ್ಯವಾಗಿ ಶೇ. 40ಕ್ಕಿಂತ ಹೆಚ್ಚು ಪಾಲು ಹೊಂದುವಂತಿರಲಿಲ್ಲ. ಭಾರತದಲ್ಲಿ ಗಾಡಿ ಮಾರಬೇಕೆಂದರೆ ಭಾರತದ ಜೊತೆಗಾರ ಬೇಕೇ ಬೇಕು. ವಿದ್ಯೆ ಅವರದು, ನೆಲ ನಮ್ಮದು. ಎರಡೂ ಕಡೆ ಅಗತ್ಯ ಇದ್ದುದರಿಂದ ಸಂಬಂಧ ನಡೆಯಿತು.

ತೊಂದರೆ ಎಲ್ಲಿಂದ ಬಂತು

ಮೊದಲ ಪೆಟ್ಟು ಕೊಟ್ಟದ್ದು ಸುಜುಕಿಯೂ ಅಲ್ಲ, ಟಿವಿಎಸ್ಸೂ ಅಲ್ಲ. 1985ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ಶ್ರೀಮಂತ ದೇಶಗಳು ಒಂದು ಒಪ್ಪಂದಕ್ಕೆ ಬಂದವು. ಆಮೇಲೆ ಜಪಾನಿನ ಯೆನ್ ಬೆಲೆ ಏರುತ್ತಲೇ ಹೋಯಿತು. ಒಂದು ಡಾಲರಿಗೆ ಸುಮಾರು 240 ಯೆನ್ ಇದ್ದದ್ದು ಎರಡು ವರ್ಷದಲ್ಲಿ 150ಕ್ಕಿಂತ ಕೆಳಗೆ ಬಂತು. ಮುಖ್ಯ ಬಿಡಿಭಾಗಗಳನ್ನು ಜಪಾನಿನಿಂದಲೇ ತರಿಸಬೇಕಾಗಿದ್ದ ಕಂಪನಿಗಳಿಗೆಲ್ಲ ಇದರಿಂದ ಖರ್ಚು ಹೆಚ್ಚಿತು. ಇಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಆದರೂ ಪಕ್ಕದ ತೋಟದ ಬಾವಿಯನ್ನೇ ನಂಬಿ ಬೆಳೆ ಇಟ್ಟವನು ಆ ಬಾವಿಯ ನೀರಿನ ಮಟ್ಟಕ್ಕೂ ಒಳಪಡಬೇಕಲ್ಲವೇ?

ಎರಡನೆಯದು ಇನ್ನೂ ದೊಡ್ಡದು. ಸುಜುಕಿಯಿಂದ ಬಂದದ್ದು ಎರಡು ಸ್ಟ್ರೋಕ್ ಎಂಜಿನ್. ಹೀರೋ ಹೋಂಡಾದ್ದು ನಾಲ್ಕು ಸ್ಟ್ರೋಕ್. ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಎಣ್ಣೆಯೂ ಪೆಟ್ರೋಲಿನ ಜೊತೆ ಉರಿಯುತ್ತದೆ, ಸ್ವಲ್ಪ ಪೆಟ್ರೋಲು ಉರಿಯದೆಯೇ ಹೊರಗೆ ಹೋಗುತ್ತದೆ. ಎಳೆತ ಚೆನ್ನ, ಹೊಗೆ ಹೆಚ್ಚು, ಮೈಲೇಜು ಕಡಿಮೆ. ಪೆಟ್ರೋಲ್ ಬೆಲೆ ಏರಿದ ಹಾಗೆ ಜನ ನಾಲ್ಕು ಸ್ಟ್ರೋಕ್ ಕಡೆ ತಿರುಗಿದರು. 1996 ಮತ್ತು 2000ದಲ್ಲಿ ಹೊಗೆ ನಿಯಮಗಳೂ ಬಿಗಿಯಾದವು. ಟಿವಿಎಸ್-ಸುಜುಕಿಯ ಸಮುರಾಯ್, ಶೋಗನ್ ಇಷ್ಟಪಟ್ಟವರು ಇಂದಿಗೂ ಇದ್ದಾರೆ, ಆದರೆ ಅವೂ ಎರಡು ಸ್ಟ್ರೋಕ್ ಗಾಡಿಗಳೇ. 150 ಸಿಸಿಯ ನಾಲ್ಕು ಸ್ಟ್ರೋಕ್ ಫಿಯೆರೋ ಬರುವ ಹೊತ್ತಿಗೆ 2000ನೇ ಇಸವಿ ಆಗಿತ್ತು. ಜೊತೆಗಾರ ಯಾವ ದಾರಿ ಹಿಡಿಯುತ್ತಾನೋ ಅವನನ್ನು ನಂಬಿದವನಿಗೂ ಅದೇ ದಾರಿ.

ಮೂರನೆಯದು ಕಾನೂನಿನ ಬದಲಾವಣೆ. 1991ರ ಆರ್ಥಿಕ ಸುಧಾರಣೆಯ ನಂತರ ವಿದೇಶಿ ಕಂಪನಿಗಳು ಇಲ್ಲಿ ಹೆಚ್ಚು ಪಾಲು ಹೊಂದಬಹುದಾಯಿತು, ಮುಂದೆ ಸ್ವಂತವಾಗಿಯೇ ಕಾರ್ಖಾನೆ ತೆರೆಯುವಂತಾಯಿತು. ಅಂದರೆ ಭಾರತದ ಜೊತೆಗಾರ ಬೇಕೇ ಬೇಕು ಎಂಬ ಅಗತ್ಯ ಹೋಯಿತು. ಕೈನೆಟಿಕ್ ಹೋಂಡಾ ಸ್ಕೂಟರ್ ನಿಮಗೆ ನೆನಪಿರಬಹುದು. 1998ರಲ್ಲಿ ಹೋಂಡಾ ಅದರಿಂದ ಹೊರಬಂದು 1999ರಲ್ಲಿ ಸ್ವಂತ ಕಂಪನಿ ಸ್ಥಾಪಿಸಿತು, 2001ರಲ್ಲಿ ಆಕ್ಟಿವಾ ತಂದಿತು. ಕೈನೆಟಿಕ್ ತನ್ನ ದ್ವಿಚಕ್ರ ವಾಹನ ವ್ಯವಹಾರವನ್ನು 2008ರಲ್ಲಿ ಮಹೀಂದ್ರಾಗೆ ಕೊಡಬೇಕಾಯಿತು.

2001: ಬೇರೆಯಾದ ವರ್ಷ

2001ರ ಸೆಪ್ಟೆಂಬರ್‌ನಲ್ಲಿ ಟಿವಿಎಸ್ ಮತ್ತು ಸುಜುಕಿ ಬೇರೆಯಾದವು. ಸುಜುಕಿ ತನ್ನಲ್ಲಿದ್ದ ಸುಮಾರು ಕಾಲು ಭಾಗದ ಪಾಲನ್ನು ಟಿವಿಎಸ್ ಬಳಗಕ್ಕೆ ಮಾರಿತು. ಸುಜುಕಿ ಪರವಾನಗಿಯ ಗಾಡಿಗಳಿಗೆ 30 ತಿಂಗಳ ಗಡುವು ಇಟ್ಟುಕೊಂಡರು. ಕಂಪನಿಯ ಹೆಸರು ಟಿವಿಎಸ್ ಮೋಟಾರ್ ಎಂದಾಯಿತು. ಟ್ಯಾಂಕಿನ ಮೇಲಿನ ಜಪಾನಿ ಹೆಸರು ನೋಡಿ ಗಾಡಿ ಕೊಳ್ಳುತ್ತಿದ್ದ ಕಾಲವದು. ಆ ಹೆಸರು ಹೋದರೆ ಯಾರು ಕೊಳ್ಳುತ್ತಾರೆ ಎಂಬ ಅನುಮಾನ ಸಹಜವೇ.

ಆದರೆ ಅಷ್ಟು ಹೊತ್ತಿಗೆ ಹೊಸೂರಿನಲ್ಲಿ ಒಂದು ಕೆಲಸ ಆಗಿತ್ತು. ಮೊಪೆಡ್ ಕಾಲದಿಂದಲೂ ಸ್ವಂತವಾಗಿ ವಿನ್ಯಾಸ ಮಾಡುವ ಅಭ್ಯಾಸವನ್ನು ಇವರು ಬಿಟ್ಟಿರಲಿಲ್ಲ. 1994ರ ಸ್ಕೂಟಿ ಇಲ್ಲಿಯವರೇ ರೂಪಿಸಿದ್ದು. ಬೇರೆಯಾದ ವರ್ಷವೇ, ಅಂದರೆ 2001ರಲ್ಲೇ, ವಿಕ್ಟರ್ ಬಂತು. 110 ಸಿಸಿಯ ಈ ನಾಲ್ಕು ಸ್ಟ್ರೋಕ್ ಮೋಟಾರ್ ಸೈಕಲ್ ಟಿವಿಎಸ್‌ನ ಎಂಜಿನಿಯರುಗಳೇ ಮಾಡಿದ್ದು, ಸುಜುಕಿಯದಲ್ಲ. ಜನ ಕೊಂಡರು. 2002ರಲ್ಲಿ ಗುಣಮಟ್ಟಕ್ಕಾಗಿ ಜಪಾನಿನವರೇ ಕೊಡುವ ಡೆಮಿಂಗ್ ಪ್ರಶಸ್ತಿ ಟಿವಿಎಸ್ ಮೋಟಾರ್‌ಗೆ ಸಿಕ್ಕಿತು. 2006ರಲ್ಲಿ ಸುಜುಕಿ ಗುರುಗ್ರಾಮದಲ್ಲಿ ಸ್ವಂತ ಕಾರ್ಖಾನೆಯೊಂದಿಗೆ ಮರಳಿ ಬಂದಾಗ ಟಿವಿಎಸ್ ತನ್ನದೇ ಅಪಾಚೆಯನ್ನು ಮಾರುತ್ತಿತ್ತು. 2013ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಜೊತೆ ಹೊಸ ಒಪ್ಪಂದವಾಯಿತು. ಬಿಎಂಡಬ್ಲ್ಯು ಹೆಸರಿನ 310 ಸಿಸಿ ಗಾಡಿಗಳು ಹೊಸೂರಿನಿಂದಲೇ ಹೊರದೇಶಗಳಿಗೆ ಹೋದವು. ಅದೇ ಎಂಜಿನ್ ಟಿವಿಎಸ್ ಹೆಸರಿನ ಗಾಡಿಗೂ ಬಂತು. ಈ ಸಲ ಒಪ್ಪಂದಕ್ಕೆ ಕುಳಿತಾಗ ಟಿವಿಎಸ್ ಕೈಯಲ್ಲಿ ಸ್ವಂತ ವಿದ್ಯೆಯೂ ಇತ್ತು.

ಮೈಸೂರಿನ ಇನ್ನೊಂದು ಉದಾಹರಣೆ

ಇದಕ್ಕೆ ವಿರುದ್ಧವಾದ ಕಥೆ ಮೈಸೂರಿನದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ವಿದ್ಯೆಯಿಂದ ಶುರುವಾಯಿತು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಗಟ್ಟಿಮುಟ್ಟಾದ ಗಾಡಿ, ಇಂದಿಗೂ ಅದರ ಶಬ್ದಕ್ಕೆ ಮನಸೋಲುವವರಿದ್ದಾರೆ. ಹೆಸರು ಬದಲಾದರೂ ಎಂಜಿನ್ ಮಾತ್ರ ಬಹುಮಟ್ಟಿಗೆ ಹಳೆಯ ಎರಡು ಸ್ಟ್ರೋಕ್ ವಿನ್ಯಾಸದ್ದೇ. ಜಪಾನಿ ಗಾಡಿಗಳ ಪೈಪೋಟಿ ಮತ್ತು ಹೊಗೆ ನಿಯಮಗಳ ಎದುರು ನಿಲ್ಲಲಾಗದೆ 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿ ದುಡಿದವರು ನಿಷ್ಠೆಯಿಂದಲೇ ದುಡಿದಿದ್ದರು. ಪಡೆದ ವಿದ್ಯೆಯ ಮೇಲೆ ಹೊಸ ವಿದ್ಯೆ ಕಟ್ಟದಿದ್ದರೆ ಅದರ ಬೆಲೆ ತೆರುವವರು ಕೊನೆಗೆ ಕೆಲಸಗಾರರೇ.

ಈಗಿನ ಕಂಪನಿಗಳು

ಈಗ ಕೃಷ್ಣಗಿರಿ ಜಿಲ್ಲೆ ವಿದ್ಯುತ್ ಸ್ಕೂಟರುಗಳ ಜಿಲ್ಲೆಯಾಗಿದೆ. 2013ರಲ್ಲಿ ಹುಟ್ಟಿದ ಏಥರ್ 2021ರಲ್ಲಿ ಹೊಸೂರಿಗೆ ತಯಾರಿಕೆ ತಂದಿತು. ಪೋಚಂಪಳ್ಳಿಯ ಓಲಾ ಕಾರ್ಖಾನೆಯ ಸ್ಕೂಟರುಗಳು 2021ರ ಡಿಸೆಂಬರ್‌ನಿಂದ ಜನರ ಕೈ ಸೇರತೊಡಗಿದವು. ಟಿವಿಎಸ್ ಐಕ್ಯೂಬ್ 2020ರಲ್ಲೇ ಬಂದಿತ್ತು. ಗಾಡಿ ಹೊಸದು, ಪ್ರಶ್ನೆ ಹಳೆಯದೇ. ವಿದ್ಯುತ್ ಗಾಡಿಯ ಜೀವ ಬ್ಯಾಟರಿಯ ಕೋಶದಲ್ಲಿದೆ, ಆ ಕೋಶಗಳು ಬಹುಪಾಲು ಕೊರಿಯಾ, ಚೀನಾ ಕಡೆಯಿಂದ ಬರುತ್ತಿವೆ. ಓಲಾ ತನ್ನ ಕೋಶಗಳನ್ನು ಕೃಷ್ಣಗಿರಿ ಜಿಲ್ಲೆಯಲ್ಲೇ ಮಾಡಲು ಹೊರಟದ್ದು ಇದಕ್ಕಾಗಿಯೇ.

2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ಅಪರೂಪದ ಖನಿಜಗಳ ಮತ್ತು ಅವುಗಳಿಂದ ಮಾಡಿದ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ನಮ್ಮ ದೇಶದ ವಿದ್ಯುತ್ ಗಾಡಿ ತಯಾರಕರು ಪರದಾಡಿದರು. ಮೋಟಾರಿನೊಳಗಿನ ಒಂದು ಸಣ್ಣ ಅಯಸ್ಕಾಂತಕ್ಕಾಗಿ! 1985ರ ಯೆನ್ ಕಥೆಯೇ ಇನ್ನೊಂದು ವೇಷದಲ್ಲಿ ಬಂದ ಹಾಗಾಯಿತು.

ಹಾಗಾದರೆ ಯಾರ ಜೊತೆಯೂ ಸೇರಬಾರದೇ? ಹಾಗಲ್ಲ. ಸುಜುಕಿ ಬರದಿದ್ದರೆ ಹೊಸೂರಿಗೆ ಅಷ್ಟು ಬೇಗ ಆ ಕಲಿಕೆ ಸಿಗುತ್ತಿರಲಿಲ್ಲ. ಗುರುವಿನ ಹತ್ತಿರ ಕಲಿಯುವುದು ಬೇರೆ, ಅವರು ಬರೆದುಕೊಟ್ಟ ಉತ್ತರವನ್ನು ವರ್ಷವರ್ಷವೂ ನಕಲು ಮಾಡುವುದು ಬೇರೆ. ಜೊತೆಗಾರ ಇರುವಾಗಲೇ ತನ್ನದೊಂದು ಗಾಡಿ ಮಾಡಿ ನೋಡುವ ಧೈರ್ಯ ಬೇಕು. ಸ್ಕೂಟಿ, ವಿಕ್ಟರ್ ಆ ಧೈರ್ಯದಿಂದ ಬಂದವು.

ಐಟಿಐ, ಡಿಪ್ಲೊಮಾ ಓದಿ ಈ ಕಾರ್ಖಾನೆಗಳಿಗೆ ಸೇರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೂ ಇದೇ ಮಾತು ಹೇಳುತ್ತೇವೆ. ಯಂತ್ರ ಓಡಿಸುವುದರ ಜೊತೆಗೆ ಅದು ಏಕೆ ಹಾಗೆ ಓಡುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಕಂಪನಿಯ ಹೆಸರು ಬದಲಾಗಬಹುದು, ಕಲಿತದ್ದು ನಿಮ್ಮ ಜೊತೆ ಬರುತ್ತದೆ. ಶಿಕ್ಷಕ ಮಿತ್ರರಲ್ಲಿ ಒಂದು ಕೋರಿಕೆ: 1984ರಲ್ಲಿ, 2001ರಲ್ಲಿ ಈ ಕಾರ್ಖಾನೆಗಳಲ್ಲಿ ದುಡಿದ ಹಿರಿಯರು ನಿಮ್ಮ ಊರಿನಲ್ಲಿ ಇರಬಹುದು. ಮಕ್ಕಳನ್ನು ಅವರ ಬಳಿ ಕಳುಹಿಸಿ, ಅವರು ಹೇಳುವುದನ್ನು ಕನ್ನಡದಲ್ಲಿ ಬರೆಸಿಡಿ. ಅದೂ ನಮ್ಮ ನೆಲದ ಚರಿತ್ರೆಯೇ.