ಕ್ರಯಪತ್ರದ ಹೊರಗಿನವರು: ಬೆಂಗಳೂರಿನ ಬಡಾವಣೆಗಳ ಕುರಿತು ಒಂದು ಟಿಪ್ಪಣಿ

ಬೆಂಗಳೂರಿನ ಯಾವ ನಿವೇಶನದ ಕ್ರಯಪತ್ರವನ್ನು ಬಿಡಿಸಿದರೂ ಕೊನೆಯಲ್ಲಿ ಷೆಡ್ಯೂಲು ಇರುತ್ತದೆ. ಸರ್ವೆ ನಂಬರು, ಹೋಬಳಿ, ಪೂರ್ವ ಪಶ್ಚಿಮ ಇಷ್ಟು ಅಡಿ, ಉತ್ತರ ದಕ್ಷಿಣ ಇಷ್ಟು ಅಡಿ, ಆಮೇಲೆ ಚೆಕ್ಕುಬಂದಿ. ಪೂರ್ವಕ್ಕೆ ರಸ್ತೆ ಎಂದು ಬರೆದಿರುತ್ತದೆ. ಆ ರಸ್ತೆಗೆ ಜಲ್ಲಿ ಹಾಕಿಸಿದವರು ಯಾರು, ಮೋರಿ ತೋಡಿಸಿದವರು ಯಾರು, ಮೊದಲ ಬೀದಿದೀಪಕ್ಕಾಗಿ ಕಚೇರಿ ಸುತ್ತಿದವರು ಯಾರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಋಣಭಾರ ಪತ್ರ ತೆಗೆಸಿದರೆ ಕೈಬದಲಾದ ಕ್ರಯ, ಅಡಮಾನ, ವಿಭಾಗಗಳೆಲ್ಲ ಸಾಲಾಗಿ ಬರುತ್ತವೆ. ಎರಡು ಕ್ರಯಗಳ ನಡುವೆ ಬೆಲೆ ಏಕೆ ಏರಿತೆಂಬುದು ಬರುವುದಿಲ್ಲ. ನಗರದ ಭೂಮಿಯ ಚರಿತ್ರೆಯನ್ನು ನಾವು ಹೆಚ್ಚಾಗಿ ಈ ಕಾಗದಗಳಿಂದಲೇ ಬರೆಯುತ್ತ ಬಂದಿದ್ದೇವೆ. ಈ ಟಿಪ್ಪಣಿಯ ವಾದ ಚಿಕ್ಕದು: ಬೆಂಗಳೂರಿನಲ್ಲಿ ಕಾಗದ ಎಲ್ಲಿ ದುರ್ಬಲವಾಗಿತ್ತೋ ಅಲ್ಲಿ ನೆಲೆಸಿದವರ ದುಡಿಮೆ ಹೆಚ್ಚು ಬೇಕಾಯಿತು. ಮುಂದೆ ಏರಿದ ಬೆಲೆಯಲ್ಲಿ ಆ ದುಡಿಮೆಯ ಪಾಲಿದೆ. ಅದರ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ.

ಕಾಗದ ಗಟ್ಟಿಯಾಗಿದ್ದ ಕಡೆಯಿಂದಲೇ ತೊಡಗೋಣ. 1898ರ ಪ್ಲೇಗಿನ ಬಳಿಕ ಬಸವನಗುಡಿ ಮತ್ತು ಮಲ್ಲೇಶ್ವರಗಳು ರೂಪುಗೊಂಡವು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಕರೆತರುವುದು ಉದ್ದೇಶವಾಗಿದ್ದರಿಂದ ನೇರ ಬೀದಿ, ಗಾಳಿ ಬೆಳಕು, ಮನೆಗಳ ಹಿಂದೆ ಸಫಾಯಿಗೆಂದು ಬಿಟ್ಟ ಓಣಿ, ಇವೆಲ್ಲ ನಕ್ಷೆಯಲ್ಲೇ ಇದ್ದವು. ಹೆಸರಘಟ್ಟದ ನೀರು ಅದೇ ದಶಕದಲ್ಲಿ ನಗರಕ್ಕೆ ಬಂದಿತ್ತು. ಹೀಗೆ ಬದುಕಿನ ಮೂಲ ಅಗತ್ಯಗಳನ್ನು ಸರ್ಕಾರವೇ ಹೊತ್ತುಕೊಂಡ ಕಡೆ ನೆಲೆಸಿದವರಿಗೆ ಬೇರೆ ಕೆಲಸಕ್ಕೆ ಬಿಡುವು ಸಿಕ್ಕಿತು. ಪ್ಲೇಗಿಗೆ ಕೆಲವೇ ವರ್ಷ ಮೊದಲು ರೂಪುಗೊಂಡಿದ್ದ ಚಾಮರಾಜಪೇಟೆಯಲ್ಲಿ 1939ರಲ್ಲಿ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಆರಂಭವಾಯಿತು. 1945ರಲ್ಲಿ ಡಿ.ವಿ.ಜಿ. ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಎಚ್. ನರಸಿಂಹಯ್ಯನವರು 1962ರಲ್ಲಿ ಶುರುಮಾಡಿದ ಬೆಂಗಳೂರು ಸೈನ್ಸ್ ಫೋರಂ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಉಪನ್ಯಾಸಗಳನ್ನು ನಡೆಸುತ್ತ ಬಂತು. ಇಂದು ಈ ಪ್ರದೇಶಗಳಲ್ಲಿ ಮನೆ ಮಾರುವವರು 'ಒಳ್ಳೆಯ ಏರಿಯಾ' ಎನ್ನುವಾಗ ಮಾರುತ್ತಿರುವುದು ಬರಿಯ ಚದರಡಿಯನ್ನಲ್ಲ. ಸಂಜೆ ಉಪನ್ಯಾಸಕ್ಕೋ ಕಛೇರಿಗೋ ನಡೆದು ಹೋಗಬಹುದಾದ ದೂರವೂ ಆ ಮಾತಿನಲ್ಲಿದೆ. ಆ ಸಭೆಗಳಿಗೆ ಕುರ್ಚಿ ಹಾಕಿದವರು, ಚಂದಾ ಎತ್ತಿದವರು, ಕಲಾವಿದರಿಗೆ ಮನೆಯಲ್ಲೇ ಊಟ ಬಡಿಸಿದವರು ಮಾರಾಟದ ಯಾವ ಪತ್ರದಲ್ಲೂ ಇಲ್ಲ.

ಸಹಕಾರ ಸಂಘಗಳ ಕಥೆ ಬೇರೆ. ಮೈಸೂರು ಸಂಸ್ಥಾನದಲ್ಲಿ 1905ರಲ್ಲಿ ಸಹಕಾರಿ ಕಾನೂನು ಬಂತು. 1909ರಲ್ಲಿ ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿ ಹುಟ್ಟಿತು. ದೇಶದ ಮೊದಲ ಗೃಹ ನಿರ್ಮಾಣ ಸಹಕಾರ ಸಂಘವೆಂದು ಅದನ್ನು ಗುರುತಿಸುತ್ತಾರೆ. ಸಂಬಳದಾರರು ತಿಂಗಳಿಗಿಷ್ಟು ಕೂಡಿಟ್ಟು ಒಟ್ಟಾಗಿ ಮನೆ ಮಾಡಿಕೊಳ್ಳುವ ಆ ಕಲ್ಪನೆಯಲ್ಲಿ ನೆರೆಹೊರೆಯವರು ನಿವೇಶನಕ್ಕಿಂತ ಮೊದಲೇ ಸಿದ್ಧರಾಗಿರುತ್ತಿದ್ದರು. ಸ್ವಾತಂತ್ರ್ಯದ ಆಚೀಚೆ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದಮೇಲೆ ನೌಕರರ ಸಂಘಗಳು ಬೆಳೆದವು. ಒಂದೇ ಪಾಳಿಯಲ್ಲಿ ದುಡಿದವರು ಒಂದೇ ಅಡ್ಡರಸ್ತೆಯಲ್ಲಿ ಮನೆ ಕಟ್ಟಿದರು.

ಆದರೆ 1976ರ ನಗರ ಭೂಮಿತಿ ಕಾಯ್ದೆಯ ಬಳಿಕ, ಖಾಸಗಿಯವರು ದೊಡ್ಡ ಜಮೀನು ಇಟ್ಟುಕೊಳ್ಳುವುದು ಕಷ್ಟವಾದಾಗ, ಸಂಘದ ಹೆಸರು ಭೂಮಿ ಪಡೆಯುವ ಅನುಕೂಲದ ದಾರಿಯಾಯಿತು. ಸಂಘಗಳು ಮಧ್ಯವರ್ತಿಗಳೊಂದಿಗೆ ಒಪ್ಪಂದ ಮಾಡಿಕೊಂಡವು. ಸರ್ಕಾರದಿಂದ ಭೂಸ್ವಾಧೀನದ ಅಧಿಸೂಚನೆ ಹೊರಡಿಸಿಕೊಡುವ ಹೊಣೆ ಆ ಮಧ್ಯವರ್ತಿಗಳದಾಯಿತು. ಎಚ್‌ಎಂಟಿ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಹೈಕೋರ್ಟು ಅಂಥ ಸ್ವಾಧೀನವನ್ನು ರದ್ದುಪಡಿಸಿತು, 1995ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಈ ತೀರ್ಪನ್ನು ಕಾನೂನಿನ ವಿದ್ಯಾರ್ಥಿಗಳು ಭೂಸ್ವಾಧೀನದ ತೀರ್ಪಾಗಿ ಓದುತ್ತಾರೆ. ನನಗೆ ಅದು ಸಮುದಾಯದ ಚರಿತ್ರೆಗೂ ಮುಖ್ಯವಾದ ಪಠ್ಯವಾಗಿ ಕಾಣುತ್ತದೆ. ಸದಸ್ಯರು ಒಬ್ಬರನ್ನೊಬ್ಬರು ಬಲ್ಲವರಾಗಿದ್ದ ಸಂಘ, ಹೆಸರು ಮಾತ್ರ ಉಳಿದ ಸಂಘವಾಗಿ ಬದಲಾದುದರ ಪುರಾವೆ ಅದರಲ್ಲಿದೆ. ಮತ್ತು ಆ ಬದಲಾವಣೆಯ ಬೆಲೆ ತೆತ್ತವರಲ್ಲಿ ಜಮೀನು ಕಳೆದುಕೊಂಡ ರೈತರೂ ಇದ್ದರು, ವರ್ಷಗಟ್ಟಲೆ ಕಂತು ಕಟ್ಟಿ ಕಾದ ನೌಕರರೂ ಇದ್ದರು.

ಇನ್ನು ರೆವಿನ್ಯೂ ಬಡಾವಣೆಗಳು. ಇಲ್ಲಿ ತುಸು ನಿಲ್ಲಬೇಕು, ಏಕೆಂದರೆ ಬೆಂಗಳೂರಿನ ದುಡಿಯುವ ಜನರಲ್ಲಿ ಬಹಳ ಮಂದಿ ಮನೆ ಮಾಡಿಕೊಂಡದ್ದು ಇವುಗಳಲ್ಲೇ. 1945ರಲ್ಲಿ ಹುಟ್ಟಿದ ನಗರ ಸುಧಾರಣಾ ಮಂಡಳಿಯಾಗಲಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಆಗಲಿ ಬೇಡಿಕೆಗೆ ತಕ್ಕಷ್ಟು ನಿವೇಶನ ಕೊಡಲಾಗಲಿಲ್ಲ. ಅರ್ಜಿ ಹಾಕಿ ಕಾಯುವಷ್ಟು ಆಯಸ್ಸಾಗಲಿ ಹಣವಾಗಲಿ ಇಲ್ಲದವರು ಕೃಷಿ ಜಮೀನನ್ನು ಪರಿವರ್ತಿಸದೆ, ನಕ್ಷೆಗೆ ಅನುಮೋದನೆ ಪಡೆಯದೆ ಕತ್ತರಿಸಿದ ಇಪ್ಪತ್ತು ಮೂವತ್ತರ ಸೈಟು ಕೊಂಡರು. ಎಷ್ಟೋ ಮಂದಿಯ ಕೈಯಲ್ಲಿದ್ದುದು ಸಾಮಾನ್ಯ ಅಧಿಕಾರ ಪತ್ರ (ಜಿಪಿಎ) ಮತ್ತು ಒಪ್ಪಂದ ಪತ್ರ ಮಾತ್ರ. ಜಿಪಿಎ ಮೂಲಕ ಒಡೆತನ ವರ್ಗಾವಣೆಯಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದಾಗ ಆ ಮನೆಗಳಲ್ಲಿ ಮಕ್ಕಳು ಹುಟ್ಟಿ ಬೆಳೆದಾಗಿತ್ತು.

ಇಂಥ ಕಡೆ ಬದುಕು ಹೇಗೆ ಕಟ್ಟಿಕೊಂಡಿತು? ಬಡಾವಣೆ ಮಾಡಿದವನು ಕಲ್ಲು ನೆಟ್ಟು ಹೋದಮೇಲೆ ಹತ್ತಿಪ್ಪತ್ತು ಮನೆಯವರು ಸೇರಿ ಕ್ಷೇಮಾಭಿವೃದ್ಧಿ ಸಂಘ ಮಾಡಿಕೊಳ್ಳುವುದು ರೂಢಿ. ನಿವೃತ್ತ ಮೇಷ್ಟರೋ ಕೆಇಬಿಯಲ್ಲಿದ್ದವರೋ ಕಾರ್ಯದರ್ಶಿ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ, ಒಂದು ರಬ್ಬರ್ ಸ್ಟಾಂಪು, ಒಂದು ರಸೀದಿ ಪುಸ್ತಕ. ಮೊದಲ ಚಂದಾ ಬೋರ್‌ವೆಲ್ಲಿಗೆ. ಆಮೇಲೆ ಕರೆಂಟು ಕಂಬಕ್ಕೆ ಅರ್ಜಿ, ಬಸ್ಸು ಒಳಗೆ ಬರಲಿ ಎಂದು ಮನವಿ, ಮಳೆಗಾಲದಲ್ಲಿ ರಾಜಕಾಲುವೆ ಉಕ್ಕಿದರೆ ರಾತ್ರಿಯಿಡೀ ಕಾವಲು. ನವೆಂಬರಿನಲ್ಲಿ ಧ್ವಜಸ್ತಂಭದ ಕೆಳಗೆ ರಾಜ್ಯೋತ್ಸವ, ಅಣ್ಣಮ್ಮನನ್ನು ಕೂರಿಸುವ ಉತ್ಸವ. ತಮಿಳು, ತೆಲುಗು, ಉರ್ದು ಮನೆಮಾತಿನವರೂ ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರೂ ಒಂದೇ ನಲ್ಲಿಯ ಸಾಲಿನಲ್ಲಿ ನಿಂತು ಪರಿಚಯವಾದ ಬೀದಿಗಳಿವು. ನೀರಿನ ಟ್ಯಾಂಕರ್ ಯಾವ ಅಡ್ಡರಸ್ತೆಗೆ ಯಾವ ಹೊತ್ತಿಗೆ ಬರಬೇಕು, ಯಾರ ಮನೆಗೆ ಎಷ್ಟು ಕೊಡ ಎಂಬ ತೀರ್ಮಾನವನ್ನು ಹೆಂಗಸರು ಮಾಡುತ್ತಿದ್ದರು. ಸಂಘದ ಪದಾಧಿಕಾರಿಗಳ ಪಟ್ಟಿಯಲ್ಲಿ ಗಂಡಸರ ಹೆಸರೇ ಹೆಚ್ಚು. ಬಡಾವಣೆಗಳ ಚರಿತ್ರೆಕಾರರು ಈ ಅಂತರವನ್ನು ಗಂಭೀರವಾಗಿ ಗಮನಿಸಬೇಕೆಂದು ನನ್ನ ಒತ್ತಾಯ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಹಳೆಯ ಮಹಾನಗರ ಪಾಲಿಕೆಗೆ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು. ತೆರಿಗೆ ಕಟ್ಟುವುದು ಕೂಡಲೇ ಶುರುವಾಯಿತು. ಆ ಹಳ್ಳಿಗಳನ್ನು ಪ್ರಧಾನವಾಗಿ ಉದ್ದೇಶಿಸಿದ, ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಡುವಿನ ಹದಿನೇಳು ವರ್ಷ ಆ ಪ್ರದೇಶ ಬದುಕಿದ್ದು ಬೋರ್‌ವೆಲ್ಲು, ಟ್ಯಾಂಕರು ಮತ್ತು ಪರಸ್ಪರ ಹೊಂದಾಣಿಕೆಯಿಂದ. 2024ರ ಮಾರ್ಚಿನಲ್ಲಿ ನೀರಿನ ಬರ ಬಂದಾಗ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಬೇಕಾಯಿತು. ಇದೇ ಹದಿನೇಳು ವರ್ಷಗಳಲ್ಲಿ ಅಲ್ಲಿನ ನಿವೇಶನಗಳ ಬೆಲೆ ಏರುತ್ತಲೇ ಇತ್ತು. ಐಟಿ ಕಂಪನಿಗಳು, ಹೊರವರ್ತುಲ ರಸ್ತೆ, ಮೆಟ್ರೊ ಎಂದು ಕಾರಣ ಹೇಳುತ್ತೇವೆ; ಅವು ನಿಜವಾದ ಕಾರಣಗಳೇ. ಆದರೆ ಕಂಪನಿ ಹತ್ತಿರ ಬಂದಾಗ ಅಲ್ಲಿ ಬಾಡಿಗೆಗೆ ಕೊಡಬಹುದಾದ, ನೀರು ಬರುವ, ರಾತ್ರಿ ನಡೆದಾಡಬಹುದಾದ ಬೀದಿ ಇತ್ತಲ್ಲ, ಅದನ್ನು ಸಿದ್ಧಮಾಡಿದವರು ಸರ್ಕಾರದವರೂ ಅಲ್ಲ, ಕಂಪನಿಯವರೂ ಅಲ್ಲ.

ಸರ್ಕಾರ ಈ ಬಡಾವಣೆಗಳನ್ನು ನೋಡಿದ್ದು ಅಕ್ರಮದ ಕಣ್ಣಿನಿಂದ. ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ 'ಅಕ್ರಮ ಸಕ್ರಮ'ದ ನಿಯಮಗಳು 2014ರಲ್ಲಿ ಬಂದವು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂತು. ಇಂಥ ಆಸ್ತಿಗಳಿಗೆಂದು ಬಿ ಖಾತೆ ಎಂಬ ಪ್ರತ್ಯೇಕ ವಹಿ ಅದಕ್ಕೂ ಮೊದಲೇ ಹುಟ್ಟಿತ್ತು. 2024ರಿಂದ ಇ-ಖಾತೆ ಕಡ್ಡಾಯವಾಯಿತು, 2025ರಲ್ಲಿ ಬಿ ಖಾತೆಯ ನಿವೇಶನಗಳನ್ನು ಶುಲ್ಕ ಪಡೆದು ಎ ಖಾತೆಗೆ ತರುವ ಯೋಜನೆ ಬಂತು. ಆ ಶುಲ್ಕಕ್ಕೆ ಮಾರ್ಗಸೂಚಿ ದರವೇ ಆಧಾರ. ಅಂದರೆ ನೆಲೆಸಿದವರು ತಮ್ಮ ಕೈಯಿಂದ ಹಾಕಿ ಬೀದಿಯನ್ನು ಉತ್ತಮಪಡಿಸಿದರು, ಅದರಿಂದ ದರ ಏರಿತು, ಏರಿದ ದರದ ಮೇಲೆ ಅವರೇ ಶುಲ್ಕ ಕಟ್ಟಬೇಕು. ಕಾನೂನು ಮೀರಿದ್ದಕ್ಕೆ ದಂಡ ಬೇಡವೆಂದು ನಾನು ಹೇಳುತ್ತಿಲ್ಲ; ಉದ್ಯಾನಕ್ಕೆ ಜಾಗ ಬಿಡದೆ, ಕಾಲುವೆ ಮುಚ್ಚಿ ಸೈಟು ಮಾಡಿದವರಿಂದ ಇಡೀ ನಗರಕ್ಕೆ ಕೆಡುಕಾಗಿದೆ. ಆದರೆ ಸೈಟು ಕತ್ತರಿಸಿ ಮಾರಿ ಹೋದವನನ್ನೂ ಕೊಂಡು ಬೀದಿ ಕಟ್ಟಿದವನನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟದ್ದು ಅನ್ಯಾಯ.

ಕೆರೆಗಳ ವಿಷಯಕ್ಕೆ ಬಂದರೆ ಬೆಲೆ ಮತ್ತು ದುಡಿಮೆಯ ನಂಟು ಇನ್ನೂ ಬಿಚ್ಚಿ ಕಾಣುತ್ತದೆ. ಹಳೆಯ ಹಳ್ಳಿ ವ್ಯವಸ್ಥೆಯಲ್ಲಿ ಕೆರೆಗೆ ನೀರಗಂಟಿ ಇದ್ದ. ತೂಬು ಎತ್ತುವುದು, ಕಾಲುವೆ ನೋಡಿಕೊಳ್ಳುವುದು, ಗದ್ದೆಗೆ ಸರದಿ ಹಂಚುವುದು ಅವನ ಪಾಲಿನ ಕೆಲಸ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದವು. ಜಾತಿಗೆ ಕಟ್ಟಿದ್ದ ಆ ಹುದ್ದೆಗಳು ಹೋಗಬೇಕಾದುವೇ. ಆದರೆ ಕೆರೆಯ ಕೆಲಸವನ್ನು ಮುಂದೆ ಹೊರುವವರು ಯಾರೆಂದು ಯಾರೂ ನಿರ್ಧರಿಸಲಿಲ್ಲ, ಅಷ್ಟರಲ್ಲಿ ಕೆಳಗಿನ ಗದ್ದೆಗಳೇ ಬಡಾವಣೆಗಳಾದವು.

ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ ಕೆರೆ ಹೀಗೆ ಒಣಗಿ ಕಸದ ಗುಂಡಿಯಾಗುತ್ತಿದ್ದುದನ್ನು ತಡೆದದ್ದು ಅಕ್ಕಪಕ್ಕದ ನಿವಾಸಿಗಳು. ಲೇಖಕಿ ಉಷಾ ರಾಜಗೋಪಾಲನ್ ಮುಂದಾಳುತನದಲ್ಲಿ 2010ರಲ್ಲಿ ಟ್ರಸ್ಟ್ ನೋಂದಣಿಯಾಯಿತು, 2011ರಲ್ಲಿ ಕೆರೆಯ ನಿರ್ವಹಣೆಗಾಗಿ ಬಿಬಿಎಂಪಿ ಅದರೊಂದಿಗೆ ಒಪ್ಪಂದ ಮಾಡಿಕೊಂಡಿತು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯದೂ ಹತ್ತಿರದ ಕಥೆ: ಪಾಲಿಕೆಯ ಎಂಜಿನಿಯರುಗಳು, ಹಳೆಯ ಹಳ್ಳಿಯವರು, ಹೊಸ ಅಪಾರ್ಟ್‌ಮೆಂಟಿನವರು, ಪರಿಸರ ತಜ್ಞರು ಒಟ್ಟಿಗೆ ಕೂತು ಕೆರೆಯ ರೂಪ ಯೋಚಿಸಿದರು. ಅದೇ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯವರು ಖಾಸಗಿ ಬೋರ್‌ವೆಲ್ಲಿಗೆ ತಡೆ ಹಾಕಿ, ಬಳಕೆ ಹೆಚ್ಚಿದಂತೆ ದರ ಹೆಚ್ಚಿಸಿ, ಇಂಗುಬಾವಿಗಳನ್ನು ತೋಡಿಸಿ ತಮ್ಮ ನೀರನ್ನು ತಾವೇ ಆಳಿಕೊಂಡರು. ಬೆಂಗಳೂರಿನ ಇಂಥ ಇಂಗುಬಾವಿಗಳನ್ನು ತೋಡಿದ ಕೈಗಳು ಬಹುಪಾಲು ಮಣ್ಣು ವಡ್ಡರ ಸಮುದಾಯದವು. ನಗರಕ್ಕೆ ಪೈಪಿನ ನೀರು ಬಂದಾಗ ಮರೆತಿದ್ದ ಅವರ ಕಸುಬನ್ನು, 2009ರಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾದ ಬಳಿಕ ನಗರ ಮತ್ತೆ ಹುಡುಕಿಕೊಂಡು ಹೋಯಿತು.

ಕೆರೆ ತುಂಬಿದ ಕೂಡಲೇ ಸುತ್ತಲಿನ ಜಾಹೀರಾತುಗಳಲ್ಲಿ 'ಲೇಕ್ ವ್ಯೂ' ಸೇರುತ್ತದೆ. ಅದಕ್ಕೆ ಹೆಚ್ಚಿನ ಬೆಲೆಯೂ ಇದೆ. ಬಿಲ್ಡರಿಗೆ ಕೆರೆಯಿಂದ ಬೇಕಾದದ್ದು ನೋಟ, ಕೆರೆಗೆ ಬೇಕಾದದ್ದು ಅಂತರ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯಿಂದ 75 ಮೀಟರ್ ಬಿಡಬೇಕೆಂದಿತು, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಕೆರೆ ಉಳಿಸಿದವರ ಶ್ರಮದಿಂದ ಹುಟ್ಟಿದ ಬೆಲೆಯೇ ಕೆರೆಯ ಅಂಚಿಗೆ ಕಟ್ಟಡಗಳನ್ನು ಎಳೆದು ತರುವ ಈ ಸಂಕಟಕ್ಕೆ ನಮ್ಮ ಯೋಜನಾ ಶಾಸ್ತ್ರದಲ್ಲಿ ಇನ್ನೂ ಉತ್ತರವಿಲ್ಲ. ಕೆರೆಯ ನಿರ್ವಹಣೆಗೆ ಸುತ್ತಲಿನ ಹೊಸ ನೋಂದಣಿಗಳಿಂದ ಒಂದು ಪಾಲು ತೆಗೆದಿಡುವುದು ಅಸಾಧ್ಯವೇನಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಎಚ್ಚರವನ್ನೂ ಹೇಳಬೇಕು. ನಿವಾಸಿಗಳ ಸಂಘವೆಂದರೆ ಎಲ್ಲ ನಿವಾಸಿಗಳ ಸಂಘವಲ್ಲ. ಬಹಳ ಕಡೆ ಮತ ಇರುವುದು ಮಾಲೀಕರಿಗೆ. ಹತ್ತು ವರ್ಷ ಅದೇ ಬೀದಿಯಲ್ಲಿ ಭೋಗ್ಯಕ್ಕಿದ್ದು ಗಣೇಶನ ಚಂದಾ, ಮೋರಿಯ ಚಂದಾ ಎಲ್ಲ ಕೊಟ್ಟ ಕುಟುಂಬಕ್ಕೆ ಬೀದಿ ಉತ್ತಮವಾದಾಗ ಸಿಗುವುದು ಹೆಚ್ಚಿದ ಬಾಡಿಗೆ ಅಥವಾ ಮನೆ ಖಾಲಿ ಮಾಡುವ ಸೂಚನೆ. ಬೆಳಗಿನ ಜಾವ ಕಸ ಗುಡಿಸುವ ಪೌರಕಾರ್ಮಿಕರು ಆ ಬೀದಿಯಲ್ಲಿ ಮನೆ ಹಿಡಿಯಲಾರರು. ಅಪಾರ್ಟ್‌ಮೆಂಟುಗಳಲ್ಲಿ ಮಾಲೀಕರ ಸ್ಥಿತಿಯೂ ಅತಂತ್ರವೇ: 2016ರ ರೇರಾ ಕಾಯ್ದೆ ಸಾಮಾನ್ಯ ಜಾಗವನ್ನು ಸಂಘಕ್ಕೆ ವಹಿಸಬೇಕೆನ್ನುತ್ತದೆ, ಸಂಘವನ್ನು ಯಾವ ಕಾನೂನಿನಡಿ ನೋಂದಾಯಿಸಬೇಕೆಂಬ ಜಗಳ ಕರ್ನಾಟಕದಲ್ಲಿ ವರ್ಷಗಳಿಂದ ನಡೆದಿದೆ.

ಮುಂದಿನ ಸಂಶೋಧನೆಗೆ ಆಕರ ಇಲ್ಲವೆನ್ನುವಂತಿಲ್ಲ. ನೋಂದಾಯಿತ ಸಂಘಗಳು ಪ್ರತಿವರ್ಷ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಜಿಲ್ಲಾ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಸಲ್ಲಿಸಿದವರ ಕಡತಗಳು ಅಲ್ಲಿರುತ್ತವೆ. ಅದಕ್ಕಿಂತ ಅಮೂಲ್ಯವಾದವು ಕಾರ್ಯದರ್ಶಿಗಳ ಮನೆಯ ಅಟ್ಟದ ಮೇಲಿನ ನಡಾವಳಿ ಪುಸ್ತಕ, ಚಂದಾ ರಸೀದಿಯ ಅಡಿಪ್ರತಿ, ಟ್ಯಾಂಕರ್ ಲೆಕ್ಕದ ನೋಟುಬುಕ್ಕು. ಒಂದು ಸರ್ವೆ ನಂಬರಿನ ಋಣಭಾರ ಪತ್ರವನ್ನೂ ಅದೇ ಬೀದಿಯ ನಡಾವಳಿ ಪುಸ್ತಕವನ್ನೂ ತಾರೀಖಿನ ಪ್ರಕಾರ ಪಕ್ಕಪಕ್ಕ ಇಟ್ಟು ಓದಿದರೆ, ಬೋರ್‌ವೆಲ್ಲು ಬಂದ ವರ್ಷಕ್ಕೂ ಕ್ರಯದ ಮೊತ್ತ ಜಿಗಿದ ವರ್ಷಕ್ಕೂ ಏನು ನಂಟೆಂದು ಊಹೆಯಿಲ್ಲದೆ ಹೇಳಬಹುದು. ಈ ಕೆಲಸ 110 ಹಳ್ಳಿಗಳಿಂದ ಶುರುವಾಗಬೇಕು. ಕಾವೇರಿ ಸಂಪರ್ಕ ಸಿಕ್ಕ ಬೀದಿಗಳಲ್ಲಿ ಬೋರ್‌ವೆಲ್ಲಿನ ಸಂಘಕ್ಕೆ ಇನ್ನು ಕೆಲಸವಿಲ್ಲ, ಹಳೆಯ ಪುಸ್ತಕಗಳು ರದ್ದಿಗೆ ಹೋಗುವ ಕಾಲ ಇದೇ. ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಎಂ.ಎ. ವಿದ್ಯಾರ್ಥಿಗಳಿಗೆ ತಲಾ ಒಂದು ಬಡಾವಣೆ ವಹಿಸಿ, ಆ ಪುಸ್ತಕಗಳನ್ನು ಮನೆಯವರ ಒಪ್ಪಿಗೆಯಿಂದ ಸ್ಕ್ಯಾನ್ ಮಾಡಿಸಿ ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಬಹುದು. ಜೊತೆಗೆ ಟ್ಯಾಂಕರಿನ ಸರದಿ ನೋಡಿಕೊಂಡ ಹೆಂಗಸರ ಮಾತನ್ನು ಅವರು ಇರುವಾಗಲೇ ಧ್ವನಿಮುದ್ರಿಸಬೇಕು. ಅವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.